ಗಾಳಿಗುಡ್ಡದಿಂದ ಇಳಿದವರು

ಗಾಳಿಗುಡ್ಡದ ಕೋಟೆ ಬಿದ್ದದ್ದು ನೀರಿಲ್ಲದೆ ಎಂದು ಶ್ರದ್ಧಾ ಆಗಲೇ ಬರೆದು ಮುಗಿಸಿದ್ದಳು. ಅವಳು ರಾಣೆಬೆನ್ನೂರಿನ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದಳು. ಸುತ್ತಲಿನ ಸೀಮೆಯ ಚರಿತ್ರೆ ಬರೆದುಕೊಡಿ, ಅಚ್ಚು ಹಾಕಿಸುತ್ತೇನೆ ಎಂದವರು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಪ್ರಭುಲಿಂಗಪ್ಪನವರು. ಕೋಟೆಯ ಬಗ್ಗೆ ಸಿಕ್ಕಿದ್ದು ಮರಾಠಿಯ ಹಳೆಯ ಮೋಡಿ ಲಿಪಿಯ ಒಂದೇ ಕಾಗದ. ಮುತ್ತಿಗೆ ಹಾಕಿದ ಸರದಾರ ತನ್ನ ಒಡೆಯನಿಗೆ ಬರೆದದ್ದು: ‘ಮೂರು ತಿಂಗಳು ಸುತ್ತುವರಿದೆವು. ಒಳಗೆ ಹನಿ ನೀರು ಉಳಿಯಲಿಲ್ಲ. ಜ್ಯೇಷ್ಠ ಬಹುಳ ಪಂಚಮಿಯಂದು ತಾವಾಗಿಯೇ ಬಾಗಿಲು ತೆರೆದರು.’

ಇನ್ನು ಒಂದೆರಡು ಫೋಟೋ ಬೇಕಾಗಿತ್ತು, ಅಷ್ಟೇ. 2006ರ ಬೇಸಿಗೆಯ ಒಂದು ಬೆಳಿಗ್ಗೆ ಅವಳು ಮೋಟೆಬೆನ್ನೂರಿನಲ್ಲಿ ಬಸ್ಸಿಳಿದು, ಟೆಂಪೋ ಹಿಡಿದು ಗುಡ್ಡದ ಬುಡದ ಹಳ್ಳಿಗೆ ಹೋದಳು. ದಾರಿ ತೋರಿಸಲು ಜೊತೆಗೆ ಬಂದವಳು ಹೊಳಿಯವ್ವ, ಆ ಗುಡ್ಡದ ಮೇಲೆ ಆಡು ಮೇಯಿಸಿಕೊಂಡೇ ಎಪ್ಪತ್ತು ದಾಟಿದ ಮುದುಕಿ.

ಮೇಲೆ ಮುಟ್ಟಿದಾಗ ನಡುಮಧ್ಯಾಹ್ನ. ಒಡೆದ ಬುರುಜು, ಒಣಹುಲ್ಲು, ಬಿಡದೆ ಬೀಸುವ ಗಾಳಿ. ಕೆಳಗೆ ಝಳದಲ್ಲಿ ಇಡೀ ಸೀಮೆ ನೀರೊಳಗಿನ ನೆರಳಿನಂತೆ ಅಲುಗುತ್ತಿತ್ತು. ಬ್ಯಾಡಗಿಯ ಕಡೆಗೆ ಹೊರಟ ರೈಲು ಸದ್ದೇ ಇಲ್ಲದೆ ಕಪ್ಪು ಹೊಲಗಳ ನಡುವೆ ಸರಿದು ಹೋಯಿತು. ಶ್ರದ್ಧಾಳ ಬಾಟಲಿ ಖಾಲಿಯಾಗಿತ್ತು.

“ನೀರಡಿಕಿ ಆಗೇತೇನ್ರಿ ಅಕ್ಕಾರ? ಬರ್ರಿ ಇತ್ತಾಗ,” ಎಂದು ಹೊಳಿಯವ್ವ ಕೋಲಿನಿಂದ ಮುಳ್ಳುಕಂಟಿ ಸರಿಸಿದಳು. ಬಂಡೆಯ ಸೀಳಿನೊಳಗೆ ಸವೆದ ಮೆಟ್ಟಿಲುಗಳು. ಇಳಿದರೆ ಮಬ್ಬುಗತ್ತಲು, ತಂಪು, ಮೊಣಕಾಲುದ್ದ ತಿಳಿನೀರು. ಶ್ರದ್ಧಾ ಬೊಗಸೆ ತುಂಬ ಕುಡಿದಳು.

“ಬ್ಯಾಸಿಗ್ಯಾಗೂ ಬತ್ತೂದಿಲ್ಲೇನು ಅಜ್ಜಿ?”

“ನಾ ಹುಟ್ಟಿದಾಗಿಂದ ಬತ್ತಿಲ್ಲ. ನಮ್ಮವ್ವನ ಕಾಲಕ್ಕೂ ಬತ್ತಿಲ್ಲಂತ.”

“ಮತ್ತ ನೀರಿಲ್ಲದ್ದಕ್ಕ ಕೋಟಿ ಬಿತ್ತು ಅಂತ ಬರದಾರಲ್ಲ?”

ಹೊಳಿಯವ್ವ ನಕ್ಕಳು. “ಎಲ್ಲಿ ಬಿದ್ದೈತ್ರಿ? ಮಂದಿ ಇಳದ ಬಂದ್ರು. ಮಿರಗದ ಮಳಿ ಹೊಡೀತು. ಒಳಗಿದ್ದೋರು ಒಕ್ಕಲಮಕ್ಕಳು. ಮ್ಯಾಲಿಂದ ನೋಡ್ತಾರ, ಹೊಲ ಹದಕ್ಕ ಬಂದಾವ. ಹದ ಯಾರಿಗರ ಕಾಯ್ತೈತೇನು? ನವಣಿ ಬೀಜ ಉಡ್ಯಾಗ ಕಟಗೊಂಡು, ಬಾಗಲಾ ತಗದು ಹೊಂಟಬಿಟ್ರು.”

“ವೈರಿಗಳು ಸುಮ್ಮನಿದ್ರೇನು?”

“ಏನ್ ಮಾಡ್ತಾರ? ಅವರೂ ಎಲ್ಲೋ ಹೊಲಾ ಬಿಟ್ಟ ಬಂದೋರ. ನಿಂತು ನೋಡಿದ್ರಂತ. ಒಬ್ಬಾಂವ ಕತ್ತಿ ಒಗದು ಬಿತ್ತೋ ಕೂರಗಿ ಹಿಡದನಂತ. ನಮ್ಮ ಮನೆತನ ಅವನದ ರೀ.”

ಮುದುಕಿ ಆಡುಗಳನ್ನು ನೋಡಲು ಮೇಲೆ ಹತ್ತಿದಳು. ಶ್ರದ್ಧಾ ಮೆಟ್ಟಿಲ ಮೇಲೆಯೇ ಗೋಡೆಗೊರಗಿದಳು. ತಂಪಿಗೆ ಕಣ್ಣು ಕೂಡಿದವು. ಕೊಡ ಮುಳುಗುವ ಸದ್ದು, ಬಳೆಗಳ ಸದ್ದು, ಯಾರೋ ಮೆಲ್ಲಗೆ “ಲಗೂ ನಡೀರಿ” ಎಂದ ಹಾಗೆ. ಒದ್ದೆ ಮಣ್ಣಿನ ವಾಸನೆ. ಒಬ್ಬರ ಹಿಂದೊಬ್ಬರು, ಉಡಿ ಹಿಡಿದುಕೊಂಡ ಹೆಂಗಸರು, ನೇಗಿಲ ಮಿಣಿ ಹೆಗಲಿಗೇರಿಸಿದ ಗಂಡಸರು ಅವಳ ಪಕ್ಕದಿಂದಲೇ ಹಾದು ಗುಡ್ಡ ಇಳಿದು ಹೋದರು. ಯಾರ ಮುಖದಲ್ಲೂ ಸೋಲಿರಲಿಲ್ಲ.

ಎಚ್ಚರವಾದಾಗ ತಿಥಿ ನೆನಪಾಯಿತು. ಜ್ಯೇಷ್ಠ ಬಹುಳ! ಅದು ಮೃಗಶಿರಾ ಮಳೆಯ ಹೊತ್ತು. ಮುಗಿಲೇ ಸುರಿಯುವ ದಿನಗಳಲ್ಲಿ ಹನಿ ನೀರಿಲ್ಲವೆಂದರೆ? ಕಾಗದವನ್ನು ಹತ್ತು ಸಲ ಓದಿದ್ದಳು, ಒಮ್ಮೆಯೂ ಹೊಳೆದಿರಲಿಲ್ಲ. ಜನ ಬಿತ್ತಲು ಹೋದರು ಎಂದು ಸರದಾರ ಒಡೆಯನಿಗೆ ಹೇಗೆ ತಾನೆ ಬರೆದಾನು?

ತಿದ್ದಿದ ಪುಟ ಓದಿ ಪ್ರಭುಲಿಂಗಪ್ಪನವರು ಕನ್ನಡಕ ತೆಗೆದರು. “ಮುದುಕಿ ಮಾತಿಗೆ ಆಧಾರ ಏನೈತ್ರಿ ಮೇಡಂ?”

“ಕಾಗದದಾಗ ತಿಥಿ ಅದ ರೀ. ಆ ದಿನಮಾನದಾಗ ನಿಮ್ಮ ಹೊಲದಾಗ ಏನ್ ನಡದಿರ್ತದ ಹೇಳ್ರಿ.”

“ಬಿತ್ತಗಿ,” ಎಂದರು ಅವರು. ಪುಟವನ್ನು ಮತ್ತೊಮ್ಮೆ ಓದಿದರು. “ಕಾಗದದ ಮಾತು, ಆಯಿ ಮಾತು ಎರಡೂ ಹಾಕ್ರಿ. ಆಯಿ ಹೆಸರೂ ಹಾಕ್ರಿ.”

ದೀಪಾವಳಿಗೆ ಪುಸ್ತಕ ಬಂತು. ಶ್ರದ್ಧಾ ಹಳ್ಳಿಗೆ ಹೋಗಿ, ಕಟ್ಟೆಯ ಮೇಲೆ ಕುಳಿತು ಆ ಪುಟವನ್ನು ಹೊಳಿಯವ್ವನಿಗೆ ಓದಿ ಹೇಳಿದಳು. ತನ್ನ ಹೆಸರು ಬಂದಾಗ ಮುದುಕಿ ಸೆರಗು ಸರಿಮಾಡಿಕೊಂಡಳು.