ಸುಳ್ಳು ಸನ್ನೆಯವನು

ನಾಲ್ಕು ವರ್ಷ ಕಾಲೇಜಿನ ಫುಟ್‌ಬಾಲ್ ತಂಡದಲ್ಲಿದ್ದೆ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲ್. ಒಂದು ದಿನವೂ ನನ್ನ ಅಂಗಿಗೆ ಮಣ್ಣು ತಾಗಲಿಲ್ಲ. ನೆಬ್ರಾಸ್ಕಾದ ನಮ್ಮೂರಿನಲ್ಲಿ ಶನಿವಾರದ ಪಂದ್ಯ ಬಿಟ್ಟರೆ ಬೇರೆ ಮಾತಿಲ್ಲ. ಹಾಲು ತರಲು ಹೋದರೂ, ಈ ವಾರವಾದರೂ ಇಳಿಯುತ್ತೀಯಾ ಎಂದು ಕೇಳುವವರೇ. ಒಮ್ಮೆ, ಒಂದೇ ಒಂದು ಸಲ ನಾನು ಮೈದಾನಕ್ಕೆ ಇಳಿಯಬೇಕು, ಅದನ್ನು ಅಮ್ಮ ನೋಡಬೇಕು. ನನ್ನ ಆಸೆ ಇಷ್ಟೇ ಇತ್ತು.

ಕೊನೆಯ ವರ್ಷ ಹೊಸ ಮುಖ್ಯ ಕೋಚ್ ಬಂದರು, ವರ್ಜಿಲ್ ಹ್ರುಸ್ಕಾ. ನನ್ನ ಓಟ ನೋಡಿ ಕೈಗೊಂದು ಹಳದಿ ಟೋಪಿ ಕೊಟ್ಟರು. ಮೈದಾನದ ಅಂಚಿನಲ್ಲಿ ನಿಂತು, ಮುಂದಿನ ನಡೆ ಯಾವುದೆಂದು ಕೈಸನ್ನೆಯಲ್ಲಿ ನಮ್ಮವರಿಗೆ ತಿಳಿಸಲು ಮೂವರಿರುತ್ತಾರೆ. ನಿಜ ಹೇಳುವವನು ಒಬ್ಬನೇ. ಉಳಿದಿಬ್ಬರು ಎದುರಾಳಿಗಳ ಕಣ್ಣಿಗೆ ಮಣ್ಣೆರಚಲು. ನನ್ನದು ಸುಳ್ಳಿನ ಇಲಾಖೆ.

ಸುಳ್ಳನ್ನಾದರೂ ನೆಟ್ಟಗೆ ಹೇಳೋಣ ಎಂದುಕೊಂಡೆ. ಮೂಗು ಹಿಡಿದೆ, ಮೊಣಕಾಲು ತಟ್ಟಿದೆ, ಅಮ್ಮ ಹಿಟ್ಟು ನಾದುವುದನ್ನು ನಕಲು ಮಾಡಿದೆ. ನಮ್ಮವರು ಅಂಕ ಗಳಿಸಿದಾಗಲೆಲ್ಲ ನಾನೇ ಹೇಳಿಕೊಟ್ಟವನಂತೆ ಗಂಭೀರವಾಗಿ ತಲೆಯಾಡಿಸಿದೆ. ಅಕ್ಟೋಬರ್ ಹೊತ್ತಿಗೆ ಎದುರು ತಂಡಗಳ ದುರ್ಬೀನುಗಳೆಲ್ಲ ನನ್ನ ಮೇಲೆಯೇ. ಆರು ಪಂದ್ಯ ಗೆದ್ದೆವು, ಮೂರು ಸೋತೆವು. ಕೋಚ್ ನನ್ನನ್ನು ಬಾಯ್ತುಂಬ ಹೊಗಳಿದರು, ಆಡಿಸಲಿಲ್ಲ.

ಕೊನೆಯ ಪಂದ್ಯ ಪ್ಲಮ್ ಕ್ರೀಕ್‌ನವರ ಮೇಲೆ. ಕೊನೆಯ ವರ್ಷದವರು ಅಂದು ಹೆತ್ತವರ ಕೈಹಿಡಿದು ಮೈದಾನದ ನಡುವಿಗೆ ನಡೆದುಬರುವುದು ಪದ್ಧತಿ. ಅಮ್ಮ ಹೊಸ ಕೋಟು ತೊಟ್ಟು ಬಂದಿದ್ದಳು. ಪಂದ್ಯ ಮುಗಿಯಲು ಹನ್ನೊಂದು ಸೆಕೆಂಡಿತ್ತು, ನಾವು ನಾಲ್ಕು ಅಂಕ ಹಿಂದಿದ್ದೆವು. ಚೆಂಡು ಹಿಡಿದು ಕೊನೆಯ ಗೆರೆ ದಾಟಿದರೆ ಆರು ಅಂಕ. ಕೋಚ್ ನನ್ನ ಟೋಪಿ ಕಿತ್ತು ತಲೆಗೆ ಹೆಲ್ಮೆಟ್ ಒತ್ತಿದರು.

"ಬಲಗಡೆ ಓಡು ಕೋಲ್ಬಿ. ಚೆಂಡು ನಿನ್ ಹತ್ರ ಬರಲ್ಲ."

"ಮತ್ತೆ ನಾನ್ಯಾಕೆ ಕೋಚ್?"

"ಅದು ಅವ್ರಿಗೆ ಗೊತ್ತಿಲ್ವಲ್ಲಪ್ಪ, ಹೋಗು."

ನಾನು ಇಳಿದದ್ದೇ ತಡ, ಹಳದಿ ಟೋಪಿಯವನನ್ನು ಬಿಡಬೇಡಿ ಎಂದು ಪ್ಲಮ್ ಕ್ರೀಕ್‌ನ ಕೋಚ್ ಅರಚತೊಡಗಿದ. ವರ್ಷವೆಲ್ಲ ತಂಡ ನಡೆಸಿದ ಮಿದುಳೇ ಇಳಿದಿದೆ ಎಂದು ಅವರ ಎಣಿಕೆ. ನಾನು ಬಲಕ್ಕೆ ಓಡಿದೆ, ನಾಲ್ವರು ಬೆನ್ನುಹತ್ತಿದರು. ಈಗಲೇ ಚೆಂಡು ಬಂತೆಂಬಂತೆ ಎರಡೂ ಕೈ ಚಾಚಿದೆ. ನಾಲ್ವರೂ ಒಟ್ಟಿಗೆ ನನ್ನ ಮೇಲೆ ಬಿದ್ದರು.

ಎಡಗಡೆ ಕಾಯುವವರೇ ಇರಲಿಲ್ಲವಂತೆ. ನಮ್ಮ ಟ್ರೆಂಟ್ ಚೆಂಡು ಹಿಡಿದು ನಡೆದುಕೊಂಡೇ ಗೆರೆ ದಾಟಿದನಂತೆ. ಅಂತೆ ಎನ್ನುತ್ತಿದ್ದೇನೆ, ಏಕೆಂದರೆ ನನಗೆ ಕಂಡದ್ದು ಯಾರದೋ ಮೊಣಕೈ ಮಾತ್ರ.

ಊರಿಗೆ ಊರೇ ಟ್ರೆಂಟ್‌ನನ್ನು ಹೊತ್ತು ಕುಣಿಯುತ್ತಿತ್ತು. ನಾನು ಕುಂಟುತ್ತ ಅಮ್ಮನ ಬಳಿ ಹೋಗಿ, ಅವನು ಗೆರೆ ದಾಟಿದ್ದು ಹೇಗಿತ್ತೆಂದು ಕೇಳಿದೆ.

"ನಂಗೇನ್ ಗೊತ್ತೋ," ಅಂದಳು. "ನಾನು ಬಲಗಡೆ ನೋಡ್ತಿದ್ದೆ."