ಮದುವೆ ನಡೆದ ಜಾಗದ ಕಾನೂನು

ಗೋಡೆಯಾಚೆ ಅವಳ ನಗು, ಜೊತೆಗೆ ಟೈಪಿಸ್ಟನದೂ, ನನ್ನ ಕೊಠಡಿಗೆ ಬಂದರೆ ಮುಖ ಬಿಗಿದುಕೊಳ್ಳುವವನು ಅಲ್ಲಿ ಮಾತ್ರ ಹಲ್ಲು ಕಿರಿಯುತ್ತಾನೆ — ಇರಲಿ, ನನಗೇನು, ಮೇಜಿನ ಮೇಲೆ ಎರಡು ತೀರ್ಪುಗಳಿವೆ, ಅವಳದು ನಾಲ್ಕು ಪುಟ, ನನ್ನದು ಹನ್ನೊಂದು, ಪೀಠದಲ್ಲಿ ನ್ಯಾಯಾಧೀಶರು ನಾವಿಬ್ಬರೇ, ನನ್ನ ಹನ್ನೊಂದೂ ಅವಳದು ತಪ್ಪು ಎನ್ನಲಿಕ್ಕೇ ಬರೆದದ್ದು. ಸತ್ತವನು ಕನ್ನಡಕದ ಅಂಗಡಿಯವನು, ಬೇರೆ ದೇಶದಲ್ಲಿ ಮದುವೆಯಾಗಿ ಇಲ್ಲಿಗೆ ಬಂದು ಮೂವತ್ತು ವರ್ಷ ಸಂಸಾರ ಮಾಡಿದ, ಅಲ್ಲಿ ಅಧಿಕಾರಿಯ ಮುಂದೆ ಗಂಡುಹೆಣ್ಣು ಸಹಿ ಹಾಕಿದರೆ ಮುಗಿಯಿತು, ಇಲ್ಲಿ ಇಬ್ಬರು ಸಾಕ್ಷಿಗಳು ಬೇಕೇ ಬೇಕು, ಈಗ ಅವನ ತಮ್ಮ ಅತ್ತಿಗೆಯನ್ನು ಮನೆಯಿಂದ ಹೊರಹಾಕಲು ನಿಂತಿದ್ದಾನೆ, ಆಕೆ ಅತ್ತಿಗೆಯೇ ಅಲ್ಲವಂತೆ. ಯಾವ ದೇಶದ ಕಾನೂನು ಹಿಡಿಯಬೇಕು? ಬದುಕಿದ್ದು ಇಲ್ಲಿ, ಮನೆ ಇಲ್ಲಿ, ಸತ್ತದ್ದೂ ಇಲ್ಲಿ, ಆದ್ದರಿಂದ ಇಲ್ಲಿಯದೇ, ಸಾಕ್ಷಿಯಿಲ್ಲದ ಆ ಮದುವೆ ಮದುವೆಯಲ್ಲ ಎಂದು ನಾನು ಬರೆದೆ, ಅವಳು ಬರೆದಳು, ಮನೆ ಯಾರಿಗೆ ಸೇರಬೇಕೆಂದು ಇಲ್ಲಿಯ ಕಾನೂನು ಹೇಳಲಿ, ಮದುವೆ ಸರಿಯಾಗಿ ಆಯಿತೇ ಎಂಬುದನ್ನು ಮದುವೆ ನಡೆದ ಜಾಗದ ಕಾನೂನೇ ಹೇಳಬೇಕು, ಗಡಿ ದಾಟಿದ ಮಾತ್ರಕ್ಕೆ ಹೆಂಡತಿ ಪರಕೀಯಳಾಗುವುದಿಲ್ಲ — ಆ ಕೊನೆಯ ವಾಕ್ಯ ನನಗೇಕೆ ಹೊಳೆಯಲಿಲ್ಲ, ನಾನು ವಕೀಲನಾಗಿದ್ದಾಗ ನನ್ನ ಆಫೀಸಿನಲ್ಲಿ ಫೈಲು ಹೊತ್ತವಳು, ನಾನು ತಿದ್ದಿ ತಿದ್ದಿ ಕೆಂಪು ಮಾಡಿದ ಹಾಳೆಗಳು ಅವಳವು, ಈಗ ಮೇಲಿನ ಕೋರ್ಟಿನ ಬಡ್ತಿಗೆ ಅವಳ ಹೆಸರೇ ಹೋಗಿದೆಯಂತೆ, ಮನೆಯಲ್ಲಿ ನನ್ನಾಕೆಯೂ, ಎಷ್ಟು ಚೆನ್ನಾಗಿ ಬರೀತಾಳ್ರೀ ಆ ಹುಡುಗಿ, ಹುಡುಗಿಯಂತೆ, ನಲವತ್ತೆಂಟು ತುಂಬಿದೆ. ಬಾಗಿಲು ತಟ್ಟಿದ ಸದ್ದು, ಅವಳೇ, ಸರ್, ಓದಿದ್ರಾ, ಓದಿದೆ ಕಣಮ್ಮ, ನಿಮಗೆ ಒಪ್ಪಿಗೆಯಾಗಲಿಲ್ಲ ಅನ್ಸುತ್ತೆ, ಆದ್ರೆ ಇದು ನೀವೇ ಹೇಳಿಕೊಟ್ಟಿದ್ದು ಸರ್, ಪ್ರಶ್ನೆನ ಮೊದ್ಲು ತುಂಡು ತುಂಡಾಗಿ ಬಿಡಿಸ್ಕೋ, ಆಮೇಲೆ ಒಂದೊಂದು ತುಂಡಿಗೂ ಅದರದರ ಕಾನೂನು ಹುಡುಕು ಅಂತ — ಹೊಗಳಿದಳೋ ಚುಚ್ಚಿದಳೋ, ಚುಚ್ಚಿದ್ದರೆ ಸುಲಭವಿತ್ತು, ಹೌದು, ಹೇಳಿದ್ದೆ, ನನ್ನ ಮಾತೇ ಅವಳ ಬಾಯಲ್ಲಿ ಹೊಸದಾಗಿ ಕೇಳಿಸುತ್ತದೆ. ಅವಳು ಹೋದ ಮೇಲೆ ನನ್ನ ಹಾಳೆಗಳನ್ನು ಹರಿದೆ, ಅವಳದರ ಕೆಳಗೆ ನಾನು ಒಪ್ಪುತ್ತೇನೆ ಎಂದಷ್ಟೇ ಬರೆದು ಸಹಿ ಹಾಕಿದೆ, ಪೆನ್ನು ಕಾಗದವನ್ನು ತೂತು ಮಾಡಿತು.

ಈಗ ಕೋರ್ಟು, ಅವಳು ತೀರ್ಪು ಓದುತ್ತಿದ್ದಾಳೆ, ಮುಂದಿನ ಸಾಲಿನಲ್ಲಿ ಕನ್ನಡಕದವನ ಜೊತೆ ಮೂವತ್ತು ವರ್ಷ ಬಾಳಿದ ಆ ಹೆಂಗಸು, ಹೆಂಡತಿ ಎಂಬ ಪದ ಬಂದಾಗ ಆಕೆಯ ಕೈ ಮೆಲ್ಲನೆ ಸರಿದು ಪಕ್ಕದ ಖಾಲಿ ಕುರ್ಚಿಯ ಮೇಲೆ ನಿಂತಿತು, ಕಣ್ಣು ಮಾತ್ರ ಓದುವವಳ ಮೇಲೆ, ಈ ಕಡೆ ಒಮ್ಮೆ ನೋಡಬಾರದೇ, ನನ್ನ ಸಹಿಯೂ ಇದೆಯಲ್ಲ, ಆಕೆ ನೋಡುವುದಿಲ್ಲ, ಆ ಕೈ, ಅಲ್ಲಿ ಯಾರೋ ಕೂತಿದ್ದಾರೆಂಬಂತೆ, ಬೆರಳು ಮಡಚಿಕೊಂಡು, ಆ ಕೈಯನ್ನು ಅಲ್ಲಿಂದ ಎತ್ತಿಸಲು ಹೊರಟಿದ್ದವನು ನಾನು, ಖಾಲಿ ಕುರ್ಚಿ, ಆ ಕೈ, ಆ ಕೈ