ಹೆಣ್ಣಿನ ತಾಯಿ ಎಲ್ಲಿ?

“ಏ ಚೌಡಿ, ಕೊಪ್ಪರಿಗೆ ಒಳಗೇ ನಿದ್ದೆ ಹೊಡೀತಿದ್ದೀಯೇನೇ, ದರಿದ್ರ ಮುಂಡೆ? ಎರಡನೇ ಪಂಕ್ತಿಗೆ ಸಾರು ಎಲ್ಲಿ ಕಾಯಿಸ್ಲಿ, ನಿನ್ ತಲೆ ಮೇಲಾ?”

ಸೊಂಟದವರೆಗೆ ಕೊಪ್ಪರಿಗೆಯೊಳಗೆ ಇಳಿದಿದ್ದ ಚೌಡಮ್ಮ ತಲೆ ಹೊರಗೆ ತೆಗೆದಳು. ಬೈದವರು ಶಿವಯೋಗಪ್ಪ, ಶಿವಮೊಗ್ಗದ ಗೋಪಾಳದಲ್ಲಿರುವ ಕಲ್ಯಾಣ ಮಂಟಪದ ಯಜಮಾನರು. ಹನ್ನೊಂದು ವರ್ಷದಿಂದ ಅವಳು ಭದ್ರಾವತಿಯಿಂದ ಮೊದಲ ಬಸ್ಸಿಗೆ ಬಂದು ಅಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಬೈಗುಳ ಕೇಳಿಸದ ದಿನ, ಯಜಮಾನರಿಗೆ ಮೈ ಹುಷಾರಿಲ್ಲವೇನೋ ಅಂದುಕೊಳ್ಳುತ್ತಿದ್ದಳು.

“ಯಜಮಾನ್ರೇ, ಸ್ಟೇಜು ಒಂದ್ ಹತ್ನಿಮಿಷ ಬೇಕಿತ್ತು. ಮಗಳು ಅಳಿಯನ ಜೊತೆ ಒಂದ್ ಫೋಟ ತೆಗೆಸ್ಕೋಬೇಕು. ವೀಸಾಕ್ಕೆ.”

ಮಗಳು ಸಂಧ್ಯಾ ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಎಂ.ಎ. ಓದುವಾಗ, ಅಲ್ಲಿಗೇ ಓದಲು ಬಂದಿದ್ದ ಟಾಂಜಾನಿಯಾದ ಎಲಿಯಾನನ್ನು ಮೆಚ್ಚಿದ್ದಳು. ಮದುವೆ ರಿಜಿಸ್ಟರ್ ಆಗಿತ್ತು. ಆಮೇಲೆ ಭದ್ರಾವತಿಯ ಮನೆಯೆದುರು ಚಪ್ಪರ ಹಾಕಿ ಧಾರೆಯೂ ಆಗಿತ್ತು. ಅವತ್ತೇ ಮಂಟಪದಲ್ಲಿ ಎಂಟುನೂರು ಎಲೆಯ ಊಟ. “ನಿನ್ ಮಗಳ ಮದ್ವೆ ಅಂತ ನಾನು ಮಂಟಪ ಮುಚ್ಲಾ? ಇವತ್ತು ಬರದಿದ್ರೆ ಇನ್ಯಾವತ್ತೂ ಬರ್ಬೇಡ” ಅಂದಿದ್ದರು ಯಜಮಾನರು. ಚೌಡಮ್ಮ ಬಂದಿದ್ದಳು. ಗಂಡ ತೀರಿಕೊಂಡಿದ್ದರಿಂದ ಧಾರೆ ಎರೆದವನು ಅವಳ ತಮ್ಮ.

ಈಗ ಎಲಿಯಾನ ಓದಿನ ವೀಸಾಕ್ಕೆ ಉಳಿದಿದ್ದು ಹದಿನೆಂಟು ದಿನ. ಅವನ ಜೊತೆ ಹೋಗಿ ಅವನ ಊರಲ್ಲೇ ನೆಲೆಸಲು ಸಂಧ್ಯಾಳ ಕಾಗದವೂ ಅಷ್ಟರಲ್ಲಿ ಆಗಬೇಕಿತ್ತು. ಶಿವಮೊಗ್ಗದ ವೀಸಾ ಏಜೆಂಟು ಮದುವೆ ಆಲ್ಬಮ್ಮನ್ನು ಹಿಂದೆ ಮುಂದೆ ತಿರುವಿ ಕೇಳಿದ್ದ: “ಹೆಣ್ಣಿನ ತಾಯಿ ಎಲ್ಲಿ?”

“ಪಾತ್ರೆ ತೊಳೀತಿದ್ದೆ ಸಾ.”

“ಮಗಳ ಮದ್ವೆ ದಿನ? ನಾನೇ ನಂಬಲ್ಲ, ಇನ್ನು ವೀಸಾ ಆಫೀಸು, ಅಲ್ಲಿರೋರು ನಂಬ್ತಾರಾ? ಬರೀ ವೀಸಾಕ್ಕೆ ತಾಳಿ ಕಟ್ಟೋರು ಬೇಕಾದಷ್ಟು ಜನ ಇದ್ದಾರಮ್ಮ. ಮನೆಯೋರು ಜೊತೆಗಿದ್ದಾರೆ ಅಂತ ಕಣ್ಣಿಗೆ ಕಾಣ್ಬೇಕು. ಒಂದೊಳ್ಳೆ ಸ್ಟೇಜಲ್ಲಿ ಮೂರೂ ಜನ ನಿಂತು ಫೋಟೊ ತೆಗೆಸ್ಕೊಂಬನ್ನಿ.”

“ಸರ್ಟಿಫಿಕೇಟಲ್ಲಿ ಸರ್ಕಾರದ ಸೀಲೈತಲ್ಲ ಸಾ?”

“ಮದ್ವೆ ಆಗಿದೆ ಅನ್ನುತ್ತೆ ಸೀಲು. ಸಂಸಾರ ಮಾಡ್ತಾರೆ ಅನ್ನಲ್ಲ.”

ಚೌಡಮ್ಮನ ಮದುವೆಗೆ ಸೀಲೂ ಇರಲಿಲ್ಲ, ಫೋಟೊವೂ ಇರಲಿಲ್ಲ. ಇಪ್ಪತ್ತು ವರ್ಷ ಸಂಸಾರ ಮಾಡಿದ್ದಳು. ಯಾರೂ ಪುರಾವೆ ಕೇಳಿರಲಿಲ್ಲ.

ಶಿವಯೋಗಪ್ಪ ಎಲೆಅಡಿಕೆ ಉಗಿದು ಬಂದರು. “ನೀವು ಹತ್ತಿದ್ ಸ್ಟೇಜಿಗೆ ನಾಳೆ ಯಾರು ಹೆಣ್ಣು ಕರ್ಕೊಂಡ್ ಬರ್ತಾರೆ? ಅದೂ ಆ ಕರಿಯನ್ ಜೊತೆ. ನಿಮ್ ಕೇರೀಲಿ ಗಂಡಸ್ರು ಸತ್ತಿದ್ರೇನೇ?”

“ಸ್ಟೇಜು ದಿನಾ ನಾನೇ ಒರೆಸ್ತೀನಲ್ಲ ಯಜಮಾನ್ರೇ.”

“ಬಗ್ಗಿ ಒರೆಸೋದು ಬೇರೆ, ನಿಂತು ಫೋಟೊ ತೆಗೆಸ್ಕೊಳ್ಳೋದು ಬೇರೆ. ಹೋಗೇ, ಪಾಯಸದ ಪಾತ್ರೆ ಹಾಗೇ ಬಿದ್ದಿದೆ.”

ಚೌಡಮ್ಮ ಪಾಯಸದ ಪಾತ್ರೆ ತೊಳೆದಳು.

ಮುಂದಿನ ಭಾನುವಾರ ಯಜಮಾನರ ಮಗಳು ಸೌಂದರ್ಯಳದೇ ಮದುವೆ. ಮುಹೂರ್ತ ಮುಗಿದು ಹೆಣ್ಣುಗಂಡು ಊಟಕ್ಕೆ ಇಳಿದರು. ಸ್ಟೇಜು ಖಾಲಿಯಾಯಿತು. ಚೌಡಮ್ಮ ಕೈಯಲ್ಲಿದ್ದ ನಾರು ಕೆಳಗಿಟ್ಟಳು, ಸೆರಗಿಗೆ ಕೈ ಒರೆಸಿಕೊಂಡಳು, ಹಿತ್ತಲ ಬಾಗಿಲಲ್ಲಿ ಕಾಯುತ್ತಿದ್ದ ಮಗಳು ಅಳಿಯನನ್ನು ಕರೆದುಕೊಂಡು ಐಸ್‌ಕ್ರೀಮ್ ತಿನ್ನುತ್ತಿದ್ದ ನೆಂಟರ ನಡುವೆಯೇ ನಡೆದಳು.

“ಅಮ್ಮಾ, ಇಲ್ಲಿ ಶೂ ಬಿಡಬೇಕಾ?” ಎಂದ ಎಲಿಯಾ. ಬಿಚ್ಚಿ, ಜೋಡಿಸಿಟ್ಟು ಹತ್ತಿದ.

ಸಂಧ್ಯಾ ತನ್ನ ಮೊಬೈಲನ್ನು ಫೋಟೊಗ್ರಾಫರನಿಗೆ ಕೊಟ್ಟಳು. ಸ್ಟೇಜಿನ ಮೇಲೆ ಯಾರು ನಿಂತರೂ ತೆಗೆಯುವುದು ಅವನ ರೂಢಿ. “ಅಮ್ಮಾ, ನೆಟ್ಟಗೆ ನಿಂತ್ಕೊಳ್ಳಿ” ಅಂದ. ನೆಟ್ಟಗಾಗಲು ಅವಳ ಸೊಂಟ ಸ್ವಲ್ಪ ಹೊತ್ತು ತೆಗೆದುಕೊಂಡಿತು.

“ಇಳಿಯೇ ಕೆಳಗೆ, ಬೋಸುಡಿ!” ಊಟದ ಹಾಲಿನಿಂದ ಶಿವಯೋಗಪ್ಪ ಓಡಿಬಂದರು.

“ಹತ್ನಿಮಿಷ ಕೇಳಿದ್ದೆ ಯಜಮಾನ್ರೇ. ಇನ್ನೂ ಎರಡೂ ಆಗಿಲ್ಲ.”

ಆಗ ಮೊಬೈಲು ಕ್ಲಿಕ್ ಅಂದಿತು. ಚೌಡಮ್ಮನ ಹನ್ನೊಂದು ವರ್ಷದ ಕೆಲಸವೂ ಅವತ್ತಿಗೆ ಮುಗಿಯಿತು.

ಮರುದಿನ ಏಜೆಂಟು ಫೋಟೊ ದೊಡ್ಡದು ಮಾಡಿ ನೋಡಿದ. ನಡುವೆ ಚೌಡಮ್ಮ, ಸೀರೆ ಮೊಣಕಾಲವರೆಗೆ ಒದ್ದೆ. ಆಚೀಚೆ ಮಗಳು, ಬರಿಗಾಲಲ್ಲಿ ಅಳಿಯ.

“ಈ ಕಡೆ ಚಪ್ಪಲಿ ಎತ್ತಿ ಹಿಡ್ಕೊಂಡಿರೋರು ಯಾರು?”

“ಮಂಟಪದ ಯಜಮಾನ್ರು.”

“ಛೆ ಛೆ, ಅವರನ್ನ ಕತ್ತರಿಸಿ ತೆಗೀತೀನಿ.”

ಚೌಡಮ್ಮ ಕೈ ಅಡ್ಡ ಹಿಡಿದಳು.

“ಬ್ಯಾಡ ಸಾ, ಹಂಗೇ ಕಳ್ಸಿ. ಅಲ್ಲಿರೋರು ನಂಬಬೇಕಲ್ಲ.”